ಬಿಡಿಸಿಬಿಟ್ಟ ಹನ್ನೊಂದನೇ ಫಾರಂ

ಹನ್ನೊಂದನೇ ಫಾರಂ ಬಿಡಿಸಿದವನು ನಾನೇ. ಆ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಎರಡು ದಿನ ನೋಡಿದೆ, ಅದು ಅಲ್ಲಿ ನಿಲ್ಲಲಿಲ್ಲ. ಛಾಪಖಾನೆಯ ಮಾಲಕರು ಒಂದು ಹೇಳಿದರು, ನನ್ನ ಕಿವಿ ಇನ್ನೊಂದು ಕೇಳಿತು, ಕೈ ತನ್ನ ಕೆಲಸ ಮಾಡಿ ಮುಗಿಸಿತು. ಆ ಸೋಮವಾರದಿಂದ ಮುಂದಿನ ರವಿವಾರದವರೆಗೆ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು. ಸವಣೂರಿನ ಒಂದು ಸಣ್ಣ ಛಾಪಖಾನೆಯಲ್ಲಿ ನಾನು ಸೀಸದ ಅಕ್ಷರಗಳ ಅಚ್ಚುಮೊಳೆ ಜೋಡಿಸುತ್ತಿದ್ದೆ. ನಮ್ಮಲ್ಲಿ ಅಚ್ಚಾಗುತ್ತಿದ್ದದ್ದು ಲಗ್ನಪತ್ರಿಕೆ, ಪಂಚಾಂಗ, ವೀಳ್ಯದೆಲೆ ವ್ಯಾಪಾರಿಗಳ ಪಾವತಿ ಪುಸ್ತಕ. ಮೊಳೆಯ ಖಾನೆಗಳೂ ಅದಕ್ಕೆ ತಕ್ಕಂತೆಯೇ ತುಂಬಿದ್ದವು. 'ಶ್ರೀ' ಬೇಕಾದಷ್ಟು, 'ಚಿ', 'ಸೌ' ಬೇಕಾದಷ್ಟು. ಉಳಿದ ಅಕ್ಷರಗಳನ್ನು ಜಿಪುಣನ ಮನೆಯ ತುಪ್ಪದಂತೆ ಬಳಸಬೇಕು. ಇಂಥ ಛಾಪಖಾನೆಗೆ ಹಾನಗಲ್ಲಿನ ಒಬ್ಬ ನಿವೃತ್ತ ಮಾಸ್ತರರು ಕಥೆಗಳ ಪುಸ್ತಕವೊಂದನ್ನು ತಂದುಕೊಟ್ಟರು.

ಕಥೆಗಳೆಂದರೆ ಎಂಥ ಕಥೆಗಳು! ಬೇರೆ ಬೇರೆ ದೇಶದವರು ಬರೆದದ್ದನ್ನು ಮಾಸ್ತರರು ಇಂಗ್ಲಿಷಿನಿಂದ, ಮರಾಠಿಯಿಂದ ಕನ್ನಡಕ್ಕೆ ತಂದಿದ್ದರು. ಎಲ್ಲವೂ ಈವರೆಗೆ ಆಗದೇ ಇದ್ದದ್ದು ನಾಳೆ ಆದರೆ ಹೇಗೆ ಎಂಬಂಥವು. ಪೋಲಂಡದ ಕಥೆಯಲ್ಲಿ ಬಡವರು ತಮ್ಮ ನಿದ್ದೆಯನ್ನು ಸಾಹುಕಾರರಿಗೆ ಬಾಡಿಗೆಗೆ ಕೊಡುತ್ತಿದ್ದರು. ಬ್ರಾಜಿಲದ ಕಥೆಯಲ್ಲಿ ಮರಗಳು ಸಭೆ ಸೇರಿ ಮನುಷ್ಯರನ್ನು ಕಡಿಯಬೇಕೋ ಬೇಡವೋ ಎಂದು ಮತ ಹಾಕುತ್ತಿದ್ದವು. ಪ್ರತಿ ಕಥೆಯ ಹೆಸರಿನ ಕೆಳಗೆ 'ಜಪಾನದ ಕಥೆ', 'ರಶಿಯದ ಕಥೆ' ಎಂದು ಸಣ್ಣ ಅಕ್ಷರದಲ್ಲಿ ಒಂದು ಸಾಲು. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಮೊಳೆ ಜೋಡಿಸುವವನು ಅಕ್ಷರ ಓದುತ್ತಾನೆ, ಅದೂ ತಿರುಗುಮುರುಗಾಗಿ. ಕಥೆ ಓದುವುದಿಲ್ಲ. ಓದುತ್ತ ಕುಳಿತರೆ ಕೈ ನಿಧಾನವಾಗುತ್ತದೆ ಎಂದು ನನಗೆ ಕಲಿಸಿದವರು ಹೇಳಿದ್ದರು, ಅದನ್ನು ನಾನು ದೊಡ್ಡಸ್ತಿಕೆಯಿಂದ ಪಾಲಿಸಿಕೊಂಡು ಬಂದಿದ್ದೆ.

ಎಂಟು ಪುಟಕ್ಕೆ ಒಂದು ಫಾರಂ. ನಮ್ಮಲ್ಲಿದ್ದ ಮೊಳೆ ಹೇಗೋ ಎರಡು ಫಾರಮ್ಮಿಗೆ ಆಗುವಷ್ಟು. ಒಂದು ಫಾರಂ ಅಚ್ಚಾದ ಮೇಲೆ ಅದನ್ನು ಬಿಡಿಸಿ, ಮೊಳೆಗಳನ್ನು ತಿರುಗಿ ಖಾನೆಗೆ ಹಾಕಿದರೆ ಮಾತ್ರ ಮೂರನೆಯದಕ್ಕೆ ಅಕ್ಷರ ಸಾಲುತ್ತಿತ್ತು. ಹತ್ತು ಫಾರಮ್ಮಿನಲ್ಲಿ ಒಂಬತ್ತು ಕಥೆ ಮುಗಿದಿದ್ದವು. ಹನ್ನೊಂದನೆಯದು ಕೊನೆಯದು, ಒಂದೇ ಕಥೆ, ಹೆಸರು 'ಕಿವಿಬಾವಿ', ಐಸ್‌ಲ್ಯಾಂಡದ ಕಥೆ. ಅದನ್ನು ಜೋಡಿಸಿ, ಪ್ರೂಫು ತೆಗೆದು, ತಿದ್ದಿ, ಚೌಕಟ್ಟಿನಲ್ಲಿ ಬಿಗಿದು ಕಲ್ಲಿನ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲೇ ಅಚ್ಚಾಗಿ ಮುಗಿದ ಹತ್ತನೆಯ ಫಾರಂ ಇತ್ತು. ಮೊದಲಾಗಿದ್ದರೆ ಅಚ್ಚಾದದ್ದನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತಿದ್ದೆವು, ನೋಡಿದರೆ ಗುರುತು ಸಿಗುತ್ತಿತ್ತು. ಯುದ್ಧದಲ್ಲಿ ಚಿಮಣಿ ಎಣ್ಣೆ ದೀಪಕ್ಕೇ ಸಿಗದು, ಮೊಳೆ ತೊಳೆಯಲು ಯಾರು ಕೊಡುತ್ತಾರೆ? ಎರಡೂ ಒಂದೇ ರೀತಿ ಕರ್ರಗೆ ಕುಳಿತಿದ್ದವು.

ಅಕ್ಕನ ಮಗಳ ಕೂಸಿಗೆ ಹೆಸರಿಡುವುದಿತ್ತು. ಶನಿವಾರ ದುಂಡಸಿಗೆ ಹೋದವನು ಸೋಮವಾರ ಬೆಳಿಗ್ಗೆ ಬಂದೆ. ಮಷಿನ್ ನಡೆಸುವವನು ಕಾಲಿನ ಮಷಿನ್ನಿನಲ್ಲಿ ಯಾವುದೋ ಹಸ್ತಪತ್ರ ತುಳಿಯುತ್ತಿದ್ದ. ಅದರ ಗದ್ದಲವೋ ಗದ್ದಲ. ಮಾಲಕರು ಹೊರಗೆ ಹೊರಟವರು ಬಾಗಿಲಲ್ಲಿ ನಿಂತು ಕೂಗಿದರು.

"ಹನ್ನೊಂದನೇದು ಬಿಡ್ರಿ!"

ಬಿಡುವುದೆಂದರೆ ಮಷಿನ್ನಿಗೆ ಬಿಡುವುದು, ಅಚ್ಚು ಹಾಕುವುದು. ನನಗೆ ಕೇಳಿಸಿದ್ದು 'ಬಿಡಸ್ರಿ'. ಬಿಡಿಸುವುದೆಂದರೆ ಮೊಳೆ ಕಿತ್ತು ಖಾನೆಗೆ ಹಾಕುವುದು. ನಡುವೆ ಒಂದು 'ಸ'. ನಾನು ಊರಲ್ಲಿಲ್ಲದ ಎರಡು ದಿನದಲ್ಲಿ ಅಚ್ಚು ಮುಗಿಸಿರಬೇಕು ಅಂದುಕೊಂಡೆ. ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಕೈ ತಪ್ಪುವುದಿಲ್ಲ ಎಂಬ ಸೊಕ್ಕು ಇತ್ತಲ್ಲ! ಚೌಕಟ್ಟು ಸಡಿಲಿಸಿದೆ, ದಾರ ಬಿಚ್ಚಿದೆ, ನಾಲ್ಕು ನಾಲ್ಕು ಸಾಲು ಎಡಗೈಯಲ್ಲಿ ಎತ್ತಿಕೊಂಡು ಬಲಗೈಯಿಂದ ಖಾನೆಗಳಿಗೆ ಉದುರಿಸುತ್ತ ಹೋದೆ. ಈ ಕೆಲಸದಲ್ಲಿ ನನ್ನಷ್ಟು ವೇಗದವರು ಸುತ್ತಮುತ್ತ ಇರಲಿಲ್ಲ. ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಎಂಟೂ ಪುಟ ಮುಗಿದಿದ್ದವು.

ಮಾಲಕರು ತಿರುಗಿ ಬಂದು ಬರಿದಾದ ಚೌಕಟ್ಟು ನೋಡಿದರು.

"ಫಾರಂ ಎಲ್ಲೈತ್ರಿ?"

"ಬಿಡಿಸೇನ್ರಿ. ನೀವs ಹೇಳಿದ್ರೆಲ್ಲಾ."

"ನಾ ಬಿಡ್ರಿ ಅಂದ್ನೋ, ಬಿಡಸ್ರಿ ಅಂದ್ನೋ? ಅಚ್ಚs ಆಗಿಲ್ಲಲ್ರಿ ಅದು!"

ಅವರು ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಎಂದೂ ರೀ ಬಿಟ್ಟು ಮಾತಾಡಿದವರಲ್ಲ. ಅಂದೂ ಬಿಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಸ್ತಪ್ರತಿ ಐತೆಲ್ರಿ, ಮತ್ತ ಜೋಡಸ್ತೇನಿ," ಅಂದೆ. ಅನ್ನುವಾಗಲೇ ನೆನಪಾಯಿತು. ಹಸ್ತಪ್ರತಿ ಇರಲಿಲ್ಲ. ಕಾಗದದ ಬರದಲ್ಲಿ ನಾವು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಜೋಡಿಸಿ ಮುಗಿದ ಹಸ್ತಪ್ರತಿಯನ್ನು ರದ್ದಿಯೆಂದು ಕಟ್ಟಿ ಪ್ರತಿ ಶನಿವಾರ ಖಾರದಂಗಡಿಗೆ ಕಳಿಸುವುದು. ಅವರು ಅದರಲ್ಲಿ ಕರಿದ ಖಾರ, ಚುರಮುರಿ ಕಟ್ಟಿ ಕೊಡುತ್ತಿದ್ದರು. ಬದಲಿಗೆ ನಮಗೆ ವಾರವಿಡೀ ಚಹಾದ ಜೊತೆ ಖಾರ. ಈ ಶನಿವಾರವೂ ಕಟ್ಟು ಹೋಗಿತ್ತು. ತಿದ್ದಿದ ಪ್ರೂಫನ್ನಾದರೂ ಹುಡುಕೋಣ ಎಂದರೆ, ಮಷಿನ್ ನಡೆಸುವವನು ಅದನ್ನು ರೋಲರಿಗೆ ಅಂಟು ಕಾಯಿಸುವ ಒಲೆಗೆ ಹಾಕಿಬಿಟ್ಟಿದ್ದ.

ಮಾಲಕರು ಉಳಿದ ಕಾಗದ ಎಣಿಸಿ ನೋಡಿದರು. ಆಮೇಲೆ, "ಇದ್ದ ಕಾಗದ ಶನಿವಾರದ ತನಕ ಅಷ್ಟs ನಮ್ದು," ಅಂದರು. "ರವಿವಾರದಿಂದ ರೇಷನ್ ಫಾರಂ ಅಚ್ಚು ಹಾಕಾಕ ಅದನ್ನs ಕೊಡಬೇಕು, ಸರಕಾರದ ಹುಕುಂ. ಅಷ್ಟರೊಳಗ ಸಿಗಲಿಲ್ಲಂದ್ರ ಹತ್ತು ಫಾರಮ್ಮಿಗೇ ಪುಸ್ತಕಾ ಹೊಲಿದು ಬಿಡೋಣ. ಹತ್ತು ದೇಶದ ಕಥಿ ಓದೋ ಬದಲಿ ಮಂದಿ ಒಂಬತ್ತು ದೇಶದ್ದು ಓದತಾರ. ಯಾರಿಗೆ ತಿಳೀತೈತ್ರಿ?"

ಮಾಸ್ತರರಿಗೆ ತಿಳಿಯುತ್ತಿತ್ತು. ಅವರು ಕ್ಷಯವಾಗಿ ಹಾಸಿಗೆ ಹಿಡಿದಿದ್ದರು. ಹದಿನೈದು ದಿನದ ಹಿಂದೆ ತಮ್ಮ ಅಕ್ಕನ ಕೈಯಲ್ಲಿ ನಾಲ್ಕು ಸಾಲು ಬರೆಸಿ ಕಳಿಸಿದ್ದರು. 'ಕೊನೆಯ ಕಥೆ ಅಚ್ಚಾದ ಕೂಡಲೆ ಅದೊಂದನ್ನು ಮೊದಲು ಕಳಿಸಿರಿ. ಪುಸ್ತಕ ಹೊಲಿಯುವ ತನಕ ನಾನು ಇರುವ ಭರವಸೆ ಇಲ್ಲ.' ಆ ಚೀಟಿಯನ್ನು ನಾನೇ ಓದಿ ಮಾಲಕರಿಗೆ ಹೇಳಿದ್ದೆ.

ಅಂದು ಸಂಜೆಯೇ ಖಾರದಂಗಡಿಗೆ ಓಡಿದೆ. ಅಂಗಡಿಯಾತ ನಗುತ್ತ, "ಏನ್ರಿ, ಖಾರ ತೀರ್ತೇನು?" ಎಂದ. ಮಾತಿಗೆ ನಿಲ್ಲದೆ ರದ್ದಿಯ ಮೂಲೆಗೆ ನುಗ್ಗಿದೆ. ಮಾಸ್ತರರು ಪ್ರತಿ ಹಾಳೆಯ ತಲೆಯಲ್ಲಿ ಅಂಕಿ ಹಾಕುತ್ತಿದ್ದರು, ಅದೊಂದು ಪುಣ್ಯ. ಆ ಕಥೆಗೆ ಹದಿನಾಲ್ಕು ಹಾಳೆ. ಎಣ್ಣೆ ಜಿಡ್ಡಿನ ನಡುವೆ ಐದು ಸಿಕ್ಕವು. ಮರುದಿನ ಬೆಳಿಗ್ಗೆ, ಆ ಖಾರ ಹೆಚ್ಚಾಗಿ ಹೋಗುತ್ತಿದ್ದ ವೀಳ್ಯದೆಲೆ ಪೇಟೆಯಲ್ಲಿ ಒಬ್ಬೊಬ್ಬರ ಮುಂದೆಯೂ ಕೂತು ಪುಡಿಕೆ ಬಿಚ್ಚಿ ತೋರಿಸಿರೆಂದು ಬೇಡಿದೆ. ಹುಚ್ಚು ಹಿಡಿದಿದೆ ಎಂದವರೇ ಹೆಚ್ಚು. ಒಬ್ಬಾಕೆ ಮಾತ್ರ ತನ್ನ ಎಲೆಯ ಬುಟ್ಟಿಯ ತಳದಿಂದ ಎರಡು ಹಾಳೆ ತೆಗೆದು ಕೊಟ್ಟಳು. ಒಂದರ ಮೂಲೆ ನೆನೆದಿತ್ತು, ಆದರೂ ಓದಲು ಬರುತ್ತಿತ್ತು. ಏಳಾದವು. ಇನ್ನು ಏಳು.

ತಿರುಗಿ ಖಾರದಂಗಡಿಗೆ ಬಂದಾಗ ಅಂಗಡಿಯಾತ ಒಂದು ಮಾತು ನೆನಪು ಮಾಡಿಕೊಂಡ. "ನಮ್ಮ ಅಳಿಯಾ ಹಿರೇಕೆರೂರ ಸಂತ್ಯಾಗ ಅಂಗಡಿ ಹಾಕ್ತಾನ. ರವಿವಾರ ಬಂದಾವ ಖಾರದ ಸಂಗಾಟ ಅರ್ಧಾ ರದ್ದಿ ಒಯ್ದಾನ ನೋಡ್ರಿ."

ಬುಧವಾರ ಇದ್ದಿಲಿನ ಬಸ್ಸು ಹತ್ತಿದೆ. ಪೆಟ್ರೋಲಿಲ್ಲದ ಆ ಕಾಲದಲ್ಲಿ ಬಸ್ಸಿನ ಹಿಂದೆ ಒಂದು ಕೊಳವಿ ಕಟ್ಟಿ, ಇದ್ದಿಲು ಸುಟ್ಟು ಅದರ ಹೊಗೆಯಿಂದ ಓಡಿಸುತ್ತಿದ್ದರು. ಏರು ಬಂದಾಗಲೆಲ್ಲ ನಾವು ಇಳಿದು ನೂಕುತ್ತಿದ್ದೆವು. ನೂಕುವಾಗ ಒಂದೇ ಯೋಚನೆ. ಸಂತೆ ಎದ್ದು ಹೋದರೆ ಆ ಹಾಳೆಗಳು ಹತ್ತೂರಿನ ಒಲೆಗೆ ಹೋಗುತ್ತವೆ. ಅಳು ಬರುತ್ತಿತ್ತು, ಬೇರೆ ಪ್ರಯಾಣಿಕರು ಹೊಗೆಗೆ ಕಣ್ಣೀರು ಬಂತೆಂದು ತಿಳಿದರು.

ಹಿರೇಕೆರೂರು ಮುಟ್ಟಿದಾಗ ಸಂತೆ ಇನ್ನೂ ತುಂಬಿತ್ತು. ಅಳಿಯ ಒಳ್ಳೆಯವನು. ತನ್ನ ರದ್ದಿಯನ್ನೆಲ್ಲ ಗೋಣಿಯ ಮೇಲೆ ಸುರಿದ. ನಾಲ್ಕು ಹಾಳೆ ಸಿಕ್ಕವು.

"ಇನ್ನ ಎರಡು ಅಂವನ ಕಡೆ ಅದಾವ ನೋಡ್ರಿ," ಎಂದು ಹತ್ತಿಯ ಬಂಡಿಗಳ ಕಡೆ ಕೈ ತೋರಿಸಿದ. "ಮುಂಜಾನಿಂದ ಮೂರು ಸಲ ಬಂದ ಖಾರ ಒಯ್ದಾನ. ಖಾರಾ ಬ್ಯಾಡ, ಬರದ ಹಾಳಿ ಕೊಡು ಅಂತ ಜಗಳಾ ತಗದಿದ್ದ."

ಬಂಡಿಯವನು ನಡುವಯಸ್ಸಿನವನು, ನೊಗದ ಮೇಲೆ ಕೂತು ಹಾಳೆಗಳನ್ನು ತೊಡೆಯ ಮೇಲೆ ತೀಡಿ ಸರಿಮಾಡುತ್ತಿದ್ದ. ನಾನು ಛಾಪಖಾನೆಯವನೆಂದು ಹೇಳಿ ಕೇಳಿದ ಕೂಡಲೆ ಅವುಗಳ ಮೇಲೆ ಕೈ ಇಟ್ಟುಕೊಂಡ.

"ಕೊಡ್ತೇನ್ರಿ. ಖರೇ ಮೊದಲ ಹೇಳ್ರಿ, ಬಾವಿ ಯಾಕ ಸುಮ್ಮನಾತು?"

"ಯಾವ ಬಾವಿ?"

"ಯಾವ ಬಾವಿ ಅಂತೀರೆಲ್ಲಾ! ನೀವs ಅಚ್ಚು ಮಾಡಿದ್ದಲ್ಲೇನ್ರಿ ಇದು?"

ನಾಚಿಕೆಯಿಂದ ಮುಖ ಬಿಸಿಯಾಯಿತು. ನನ್ನ ಕೈಯಾರೆ ಜೋಡಿಸಿದ್ದೆ, ನನ್ನ ಕೈಯಾರೆ ಬಿಡಿಸಿದ್ದೆ, ಅದರೊಳಗೆ ಏನಿತ್ತೆಂದು ನನಗೇ ಗೊತ್ತಿರಲಿಲ್ಲ. ಹದಿಮೂರೂ ಹಾಳೆ ಸಾಲಾಗಿ ಇಟ್ಟುಕೊಂಡು ಅವನ ಪಕ್ಕ ಕೂತೆ. ಓದಿ ಹೇಳುತ್ತೇನೆ ಎಂದೆ. ಸಂತೆಯ ಗಲಾಟೆಯಲ್ಲಿ ಒಂದೊಂದೇ ಸಾಲು ಗಟ್ಟಿಯಾಗಿ ಓದಿದೆ.

ಹಿಮದ ದೇಶದಲ್ಲಿ ಒಂದು ಹಳ್ಳಿ. ಅಲ್ಲಿ ನೀರಿಲ್ಲದ ಒಂದು ಬಾವಿ. ಅದರ ತಳಕ್ಕೆ ಇಳಿದು ಕಿವಿಗೊಟ್ಟರೆ ನೂರು ವರ್ಷದ ಮೇಲೆ ಅದೇ ಹಳ್ಳಿಯಲ್ಲಿ ಬಾಳುವವರ ಮಾತು ಕೇಳಿಸುತ್ತದೆ. ದೊಡ್ಡ ಮಾತೇನಲ್ಲ. ಕದ ಹಾಕು, ಕುರಿ ಒಳಗೆ ಕೂಡು, ಕೂಸು ಯಾಕೆ ಅಳುತ್ತದೆ ನೋಡು, ಇಂಥವು. ಬಾವಿ ಕಾಯುವವನೊಬ್ಬ ದಿನಾ ಬೆಳಿಗ್ಗೆ ಹಗ್ಗ ಹಿಡಿದು ಇಳಿಯುತ್ತಾನೆ, ಕೇಳಿದ್ದನ್ನು ಮೇಲೆ ಬಂದು ಊರಿಗೆ ಹೇಳುತ್ತಾನೆ. ಹಳ್ಳಿಯಲ್ಲಿ ರೋಗ, ಹಸಿವು. ಆದರೂ ಜನ ಬದುಕುತ್ತಾರೆ. ನೂರು ವರ್ಷದ ಮೇಲೂ ಇಲ್ಲಿ ಯಾರೋ ಕದ ಹಾಕುತ್ತಾರಲ್ಲ ಎಂಬ ಧೈರ್ಯದ ಮೇಲೆ. ಒಂದು ದಿನ ಬಾವಿ ಸುಮ್ಮನಾಗುತ್ತದೆ. ಮರುದಿನವೂ ಸುಮ್ಮನೆ. ಮೂರನೆಯ ದಿನ ಊರಿಗೆ ಊರೇ ಬಾವಿಯ ಕಟ್ಟೆಗೆ ಬಂದು ನಿಲ್ಲುತ್ತದೆ. ಹದಿಮೂರನೆಯ ಹಾಳೆಯ ಕೊನೆ ಹೀಗಿತ್ತು: 'ಅವನು ಹಗ್ಗ ಹಿಡಿದು ಮೇಲೆ ಬಂದನು. ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಅವನು'.

"ಅಂವಾ?" ಎಂದ ಬಂಡಿಯವನು.

"ಮುಂದಿನ ಹಾಳಿ ಸಿಕ್ಕಿಲ್ಲಪಾ."

ಅವನು ಎದ್ದು ನಿಂತ. ನನ್ನನ್ನು ಹೊಡೆದಾನು ಅಂದುಕೊಂಡೆ. ಬದಲಿಗೆ ಅವನೇ ಅಳಿಯನ ಅಂಗಡಿಗೆ ಹೋಗಿ ಗೋಣಿ ಜಾಡಿಸಿದ, ಸಂತೆಯ ತುಂಬ ಬಿದ್ದ ಪುಡಿಕೆಗಳನ್ನೆಲ್ಲ ಕೋಲಿನಿಂದ ಕೆದಕಿದ. ಹೊತ್ತು ಇಳಿಯುವ ತನಕ ಇಬ್ಬರೂ ಹುಡುಕಿದೆವು. ಹದಿನಾಲ್ಕನೆಯದು ಸಿಗಲಿಲ್ಲ.

ಸವಣೂರಿಗೆ ತಿರುಗಿ ಹೋಗಿ, ಮಾಲಕರ ಮಾತಿನಂತೆ ಹತ್ತು ಫಾರಮ್ಮಿಗೆ ಹೊಲಿಸಿಬಿಡಬಹುದಿತ್ತು. ಇಲ್ಲವೇ ಕೊನೆಗೆ ನಾಲ್ಕು ಸಾಲು ನಾನೇ ಕಟ್ಟಬಹುದಿತ್ತು. ಐಸ್‌ಲ್ಯಾಂಡದವನು ಬಂದು ಕೇಳುತ್ತಾನೆಯೇ? ಹಾಗೂ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಬಂಡಿಯವನ ಮುಖ ನೋಡಿದ ಮೇಲೆ ಧೈರ್ಯವಾಗಲಿಲ್ಲ. ಮೂಲ ಪುಸ್ತಕ ಮಾಸ್ತರರ ಹತ್ತಿರ ಇದ್ದೇ ಇರುತ್ತದೆ, ಕಾಲು ಹಿಡಿದಾದರೂ ಆ ಒಂದು ಪುಟವನ್ನು ಮತ್ತೆ ಕನ್ನಡ ಮಾಡಿಸಿಕೊಳ್ಳುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ. ಬಂಡಿಯವನು ಹಾನಗಲ್ಲಿನ ಕಡೆಗೇ ಹೊರಟಿದ್ದ. "ಹತ್ರಿ," ಎಂದ. "ಕಡೀದು ತಿಳಿದ್ರ ನನಗೂ ಒಂದ ಮಾತು ಮುಟ್ಟಸ್ರಿ." ಮರುದಿನ, ಗುರುವಾರ, ಮಧ್ಯಾಹ್ನ ಹಾನಗಲ್ಲಿನಲ್ಲಿ ಇಳಿದೆ.

ಮಾಸ್ತರರ ಅಕ್ಕ ಬಾಗಿಲು ತೆರೆದರು. ಮಡಿಸೀರೆಯ ಮುದುಕಿ. "ಅವಗ ಭಾಳ ಮಾತಾಡಸಬ್ಯಾಡ್ರಿ, ಕೆಮ್ಮು ಬಂತಂದ್ರ ತಡೀಲಿಕ್ಕೆ ಆಗೂದಿಲ್ಲ," ಎಂದು ಒಳಗೆ ಬಿಟ್ಟರು. ಮಾಸ್ತರರು ದಿಂಬಿಗೆ ಒರಗಿದ್ದರು. ನನ್ನನ್ನು ನೋಡಿದೊಡನೆ ಕೈ ಚಾಚಿದರು.

"ತಂದ್ಯಾ?"

ನೆಲಕ್ಕೆ ಕೂತು ಎಲ್ಲವನ್ನೂ ಹೇಳಿದೆ. 'ಸ' ಹೇಳಿದೆ, ಖಾರದಂಗಡಿ ಹೇಳಿದೆ, ಎಣ್ಣೆಯ ಹದಿಮೂರು ಹಾಳೆ ಎದುರಿಗೆ ಇಟ್ಟೆ. ಅಕ್ಕ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಮಾಸ್ತರರು ಸಿಟ್ಟಾಗಲಿಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡರು.

"ಮೂಲ ಪುಸ್ತಕ ಕೊಡ್ರಿ ಗುರುಗಳ. ಕಡೀ ಪುಟ ಅಷ್ಟs ಬೇಕು," ಎಂದೆ.

"ಮೂಲ ಇಲ್ಲ."

"ಎರವಲ ತಂದಿದ್ರೇನ್ರಿ, ತಿರುಗಿ ಕೊಟ್ಟೀರೇನ್ರಿ?"

"ಇಲ್ಲೋ ತಮ್ಮಾ. ಅದಕ್ಕ ಮೂಲs ಇಲ್ಲ. ನಾ ಬರದದ್ದು ಅದು."

ಅಕ್ಕ ಸೆರಗು ಕೆಳಗಿಳಿಸಿದರು. ಅವರಿಗೂ ಗೊತ್ತಿರಲಿಲ್ಲ. ಮಾಸ್ತರರು ಕೆಮ್ಮಿನ ನಡುವೆ ತುಂಡು ತುಂಡಾಗಿ ಹೇಳಿದರು. ಹಿಂದೆ ತಮ್ಮ ಇಂಥವೇ ಮೂರು ಕಥೆಗಳನ್ನು ಮಾಸಪತ್ರಿಕೆಗಳಿಗೆ ಕಳಿಸಿದ್ದರಂತೆ. ಇದು ನಮ್ಮ ನೆಲದ ಕಲ್ಪನೆಯಲ್ಲ, ಓದುಗರಿಗೆ ರುಚಿಸದು ಎಂದು ಮೂರೂ ಹಿಂದೆ ಬಂದವಂತೆ. ಪರದೇಶದವರದನ್ನು ಅನುವಾದಿಸಿ ಕಳಿಸಿದಾಗ ಅದೇ ಪತ್ರಿಕೆಗಳು ಮೆಚ್ಚಿ ಅಚ್ಚು ಹಾಕಿದವಂತೆ.

"ಹಾನಗಲ್ಲಿನ ಮಾಸ್ತರ ಇನ್ನೂ ಹುಟ್ಟದವರ ಧ್ವನಿ ಕೇಳ್ತಾನಂದ್ರ ಮಂದಿ ನಗ್ತಾರ. ಐಸ್‌ಲ್ಯಾಂಡದಾಂವ ಕೇಳ್ತಾನಂದ್ರ ಹೌದಂತಾರ. ಅಲ್ಲೀ ತನಕಾ ಹೋಗಿ ನೋಡಿ ಬಂದವರು ಯಾರು? ಇದು ನಿನ್ನ ಹೊಟ್ಟಿಯೊಳಗs ಇರ್ಲಿ."

"ಆತ್ರಿ," ಎಂದೆ. "ಹಂಗಾದ್ರ ಕಡೀದು ನೀವs ಹೇಳ್ರಿ, ನಾ ಬರಕೋತೇನಿ."

ಅವರು ಹಣೆ ಒತ್ತಿಕೊಂಡರು. ನನಗೆ ಇನ್ನೂ ಆ ಗಳಿಗೆ ನೆನಪಿದೆ. ಅವರ ಕಣ್ಣಲ್ಲಿ ಹೆದರಿಕೆ ಕಂಡಿತು. "ಕಡೀದು ಮೂರು ಸಲ ಬರದೀನಿ. ಮೂರೂ ಬ್ಯಾರೆ ಬ್ಯಾರೆ. ಒಂದನ್ನ ಕಳಿಸಿ ಎರಡು ಹರದ ಹಾಕೀನಿ. ಯಾವುದು ಕಳಿಸೀನಿ, ನೆನಪಾಗವಲ್ತು. ಜ್ವರದಾಗ ಎಲ್ಲಾ ಕಲಸಿ ಹೋಗ್ಯಾವ."

ಒಂದರಲ್ಲಿ ಕಾಯುವವನು ನಿಜ ಹೇಳುತ್ತಾನೆ, ಜನ ಊರು ಬಿಡುತ್ತಾರೆ. ಇನ್ನೊಂದರಲ್ಲಿ ಏನೂ ಹೇಳದೆ ಬಾವಿಗೆ ಕಲ್ಲು ಮುಚ್ಚುತ್ತಾನೆ. ಮೂರನೆಯದರಲ್ಲಿ ಅವನು ಏನನ್ನೋ ಹೇಳುತ್ತಾನೆ, ಅದೇನೆಂದು ಅವರಿಗೆ ನೆನಪಿಲ್ಲ. "ಯಾವುದರೆ ಒಂದು ಹಾಕು," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ನಾನು ತಲೆ ಹಿಡಿದು ಕೂತೆ. ಹೋದ ವಾರವಷ್ಟೇ ಆ ಪುಟ ನನ್ನ ಬೆರಳುಗಳ ನಡುವೆ ಹಾದು ಹೋಗಿತ್ತು. ಒಂದು ಸಾಲೂ ನೆನಪಿಲ್ಲ. ನನಗೆ ನೆನಪಿರುವುದು ಏನು? ಮೊಳೆ. ಯಾವ ಮೊಳೆ ತೀರಿತು, ಎಲ್ಲಿಂದ ಎರವಲು ತಂದೆ, ಅದಷ್ಟೇ. ಆಗ ಹೊಳೆಯಿತು. ಎಂಟನೆಯ ಪುಟಕ್ಕೆ 'ಪ'ದ ಒತ್ತು ಸಾಲಲಿಲ್ಲ. ಖಾನೆ ಬರಿದಾಗಿ, ಬಿಗಿದಿಟ್ಟ ಒಂದು ಲಗ್ನಪತ್ರಿಕೆಯಿಂದ ಮೂರು ಒತ್ತು ಕಿತ್ತು ತಂದಿದ್ದೆ. ಮಾಲಕರು ರೇಗಿದ್ದರು.

"ಗುರುಗಳ, ಆ ಪುಟಕ್ಕ ಪ ಒತ್ತು ಭಾಳ ಹಿಡದಿದ್ವು."

ಮಾಸ್ತರರು ಮೆಲ್ಲಗೆ ಈ ಕಡೆ ತಿರುಗಿದರು. "ಪ ಒತ್ತು? ತಪ್ಪು? ಅಪ್ಪಾ?"

"ಅದರ ಹಿಂದ ಉ ಇತ್ರಿ. ಉ ಸೈತ ತೀರಿ ಹೋಗಿತ್ತು. ಪಂಚಾಂಗದ ಉಪನಯನದ ಮುಹೂರ್ತದೊಳಗಿನ ಉ ತಗದಿದ್ದೆ."

"ಉ... ಪ್ಪು," ಎಂದರು. ಆಮೇಲೆ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಉಪ್ಪು!" ಎದ್ದು ಕೂರಲು ನೋಡಿದರು, ಅಕ್ಕ ಓಡಿ ಬಂದು ಬೆನ್ನಿಗೆ ಕೈ ಕೊಟ್ಟರು. "ಬರಕೋ, ಬರಕೋ ಲಗೂ."

ಬಾವಿಯಲ್ಲಿ ಏನೂ ಕೇಳಿಸದಿದ್ದರೂ ಕಾಯುವವನು ಮೇಲೆ ಬಂದು ಹೇಳುತ್ತಾನೆ: 'ಉಪ್ಪು ಎಲ್ಲಿ ಇಟ್ಟಿದ್ದೀರಿ ಎಂದು ಕೇಳುತ್ತಿದ್ದಾರೆ.' ಜನರ ನಡುವಿನಿಂದ ಒಬ್ಬ ಮುದುಕಿ ಮುಂದೆ ಬಂದು, ಬಾವಿಗೆ ಬಗ್ಗಿ, ಉಪ್ಪು ಒಲೆಯ ಮೇಲಿನ ಗೂಡಿನಲ್ಲಿದೆ ಎಂದು ಕೂಗುತ್ತಾಳೆ. ಇನ್ನೊಬ್ಬಳು ನಮ್ಮ ಮನೆಯ ಉಪ್ಪು ಮಣ್ಣಿನ ಕುಡಿಕೆಯಲ್ಲಿದೆ ಎನ್ನುತ್ತಾಳೆ. ಒಬ್ಬೊಬ್ಬರಾಗಿ ಊರಿನವರೆಲ್ಲ ತಮ್ಮ ತಮ್ಮ ಮನೆಯ ಉಪ್ಪು ಎಲ್ಲಿದೆ ಎಂದು ಹುಟ್ಟದವರಿಗೆ ಕೂಗಿ ಹೇಳುತ್ತಾರೆ. ಕೊನೆಯ ಸಾಲು ಹೇಳಿ ಮುಗಿಸುವಾಗ ಮಾಸ್ತರರ ದನಿ ಉಸಿರಷ್ಟೇ ಆಗಿತ್ತು. ಅಕ್ಕ ಅಳುತ್ತಿದ್ದರು. ನಾನೂ ಅತ್ತೆ, ಬರೆದದ್ದು ಕಲೆಯಾಗದ ಹಾಗೆ ಕಾಗದ ದೂರ ಹಿಡಿದು ಅತ್ತೆ.

ಅಂದು ಸಂಜೆಯ ಬಸ್ಸು ಶಿಗ್ಗಾಂವಿಯಲ್ಲಿ ಕೆಟ್ಟು ಕೂತಿತು. ಶುಕ್ರವಾರ ನಸುಕಿನಲ್ಲಿ ಅಲ್ಲಿಂದ ಸವಣೂರಿಗೆ ನಡೆದೇ ಬಂದೆ. ಕಾಲು ತೊಳೆಯದೆ ಖಾನೆಯ ಮುಂದೆ ನಿಂತೆ. ಈ ಸಲ ಓದುತ್ತ ಜೋಡಿಸಿದೆ. ಕೈ ನಿಧಾನವಾಯಿತು ನಿಜ, ಆದರೂ ಶನಿವಾರ ಬೆಳಿಗ್ಗೆ ಏಳು ಪುಟ ಮುಗಿಸಿ ಎಂಟನೆಯದಕ್ಕೆ ಬಂದೆ. ಒತ್ತು ಮತ್ತೆ ತೀರಿದವು. ಮಾಲಕರು ತಾವೇ ಹೋಗಿ ಹತ್ತನೆಯ ಫಾರಮ್ಮಿನಿಂದ ಆರಿಸಿ ತಂದು ನನ್ನ ಅಂಗೈಯಲ್ಲಿ ಇಟ್ಟರು.

ಕೊನೆಗೆ ಉಳಿದದ್ದು ಮೊದಲ ಪುಟದ ತಲೆಬರಹ. 'ಕಿವಿಬಾವಿ' ಜೋಡಿಸಿ, ಅದರ ಕೆಳಗೆ 'ಐಸ್‌ಲ್ಯಾಂಡದ ಕಥೆ' ಎಂದು ಜೋಡಿಸಿದೆ. ಜೋಡಿಸಿ ನೋಡುತ್ತ ನಿಂತೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಸಾಯುತ್ತಿರುವ ಮನುಷ್ಯನಿಗೆ ಕೊಟ್ಟ ಮಾತು. ಇನ್ನೊಂದು ಕಡೆ, ಇದು ಹೀಗೇ ಅಚ್ಚಾದರೆ ಆ ಕಥೆ ಎಂದೆಂದಿಗೂ ಇಲ್ಲದ ಒಬ್ಬ ಪರದೇಶದವನ ಪಾಲಾಗುತ್ತದೆ. ಒಂದು ಸಲ ನಾನು ಮಾಸ್ತರರ ಕಥೆಯನ್ನು ಕಳೆದಿದ್ದೆ. ಇನ್ನೊಂದು ಸಲ ಕಳೆಯಲು ನನ್ನ ಕೈ ಏಳಲಿಲ್ಲ. ಆ ಒಂದು ಶಬ್ದವನ್ನು ಕಿತ್ತು, ಮೊಳೆಗಳನ್ನು ಖಾನೆಗೆ ಹಾಕಿ, ಬೇರೆ ಜೋಡಿಸಿದೆ. ಮಾಲಕರು ಪ್ರೂಫು ನೋಡಿ ಹುಬ್ಬು ಏರಿಸಿದರು.

"ಇದೇನ್ರಿ ಇದು?"

"ಸರಿ ಐತ್ರಿ. ಮಷಿನ್ನಿಗೆ ಹಾಕ್ರಿ," ಅಂದೆ.

ಶನಿವಾರ ಹೊತ್ತು ಮುಳುಗುವ ಮುನ್ನ ಅಚ್ಚು ಮುಗಿಯಿತು. ರವಿವಾರ ಮಡಿಸದ ಒಂದು ಹಾಳೆಯನ್ನು ಸುರುಳಿ ಸುತ್ತಿಕೊಂಡು ಹಾನಗಲ್ಲಿಗೆ ಹೋದೆ. ಅಕ್ಕ ಬಾಗಿಲಲ್ಲೇ, "ನಿನ್ನೆಯಿಂದ ಕಣ್ಣು ಬಿಟ್ಟಿಲ್ರಿ. ಕೇಳಸ್ತದೋ ಇಲ್ಲೋ," ಎಂದರು. ಅವರ ದನಿ ಬತ್ತಿತ್ತು.

ಹಾಸಿಗೆಯ ಪಕ್ಕ ಕೂತು ಹಾಳೆ ಬಿಡಿಸಿದೆ. ಹಸಿ ಮಸಿಯ ವಾಸನೆ ಬಂತು. ಕಿವಿಯ ಹತ್ತಿರ ಬಾಗಿ ಓದಲು ಹತ್ತಿದೆ.

"ಕಿವಿಬಾವಿ. ಹಾನಗಲ್ಲದ ಕಥೆ."

ಮಾಸ್ತರರ ಹುಬ್ಬು ಗಂಟಾಯಿತು. ತುಟಿ ಅಲುಗಿದವು. ಅಕ್ಕ ಮತ್ತು ನಾನು ಇಬ್ಬರೂ ಬಗ್ಗಿದೆವು.

"ತಪ್ಪು... ಬಿದ್ದದ," ಎಂದರು.

ಹಾಳೆಯನ್ನು ಅವರ ಕೈಯ ಹತ್ತಿರ ಹಿಡಿದೆ.

"ತಪ್ಪಲ್ರಿ ಗುರುಗಳ," ಎಂದೆ. "ಮೂಲದಾಗ ಹಂಗs ಐತಿ."

ಹೊದಿಕೆಯ ಮೇಲಿದ್ದ ಅವರ ಕೈ ಹಾಳೆಯ ಅಂಚಿಗೆ ಬಂದು, ಅಕ್ಷರಗಳ ಮೇಲೆ ನಿಂತಿತು.

"ಮುಂದ ಓದು," ಎಂದರು.